ಹಾಸಿಗೆ ಸುರುಳಿಯೊಳಗಿನ ಸಪ್ಪಳ

ಎಪ್ಪತ್ತರ ದಶಕದಲ್ಲಿ ಪ್ರತಿ ಬೇಸಿಗೆಯೂ ಹೈಸ್ಕೂಲು ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಬಾಗಲಕೋಟೆಯಿಂದ ಶಿಬಿರಕ್ಕೆಂದು ಬಾದಾಮಿ, ಇಳಕಲ್ ಸುತ್ತುತ್ತಿದ್ದೆ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಶಿಬಿರದ ಅಡಿಗೆಯನ್ನೇ ಉಣ್ಣಬೇಕು, ಮನೆಯ ಬುತ್ತಿ ತರಕೂಡದು ಎಂಬುದು ನನ್ನ ಕಟ್ಟಪ್ಪಣೆ. ಆದರೆ ತಾಯಂದಿರನ್ನು ನಾನು ಎಂದೂ ನಂಬಿದವನಲ್ಲ. ಯಾರಾದರೂ ಎಲೆಯಲ್ಲಿ ಅನ್ನ ಬಿಟ್ಟೆದ್ದರೆ ಸಾಕು, ಅವರ ಚೀಲಕ್ಕೆ ಮೂಗಿಟ್ಟು ಶೇಂಗಾ ಚಟ್ನಿಯ ವಾಸನೆ ಹುಡುಕುತ್ತಿದ್ದೆ.

ಒಂದು ವರ್ಷ ಬಾದಾಮಿಯಲ್ಲಿ ಬಸ್ಸಿನ ಮೇಲಿಂದ ಹಾಸಿಗೆ ಸುರುಳಿಗಳನ್ನು ಇಳಿಸುವಾಗ ಒಂದರೊಳಗೆ ಕಟಕಟ ಸಪ್ಪಳವಾಯಿತು. ಕಡಕ್ ರೊಟ್ಟಿ ಮುರಿದ ಸಪ್ಪಳ. ನಮ್ಮ ಕಡೆಯವರಿಗೆ ಅದನ್ನು ಗುರುತಿಸಲು ಕಣ್ಣು ಬೇಕಿಲ್ಲ. ಜಮಖಾನೆ ಸುತ್ತಿದ ಸುರುಳಿಗಳೆಲ್ಲ ಒಂದೇ ತರ.

"ಯಾರ್ದ ಇದು? ಈಗಿಂದೀಗ ಬಿಚ್ರಿ!" ಎಂದು ಗುಡುಗಿದೆ.

ಹುಡುಗಿಯೊಬ್ಬಳು ಹಗ್ಗ ಬಿಚ್ಚಿದಳು. ಒಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಸಜ್ಜೆ ರೊಟ್ಟಿ, ಅರ್ಧಕ್ಕರ್ಧ ಚೂರು. ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿದೆ. ಎಲ್ಲರೂ ಕಳ್ಳರಂತೆಯೇ ಕಂಡರು.

ಆ ಹುಡುಗಿ ಬಟ್ಟೆಯನ್ನು ಬಿಡಿಸಿ ಹಿಡಿದಳು. "ಸರ, ನಮ್ಮೊಳಗ ಧೋತರ ಉಡಾವ್ರು ನೀವೊಬ್ಬರ ಅದೀರಿ."

ಶಿಬಿರದ ಅಡಿಗೆಯನ್ನು ಮನೆಯಲ್ಲಿ ವರ್ಷವಿಡೀ ಹೊಗಳುತ್ತಿದ್ದೆ. ನನ್ನ ಹೆಂಡತಿ ಅದರಲ್ಲಿ ಒಂದು ಮಾತನ್ನೂ ನಂಬಿರಲಿಲ್ಲ.