ಓದು ಮುಗಿಯುವ ಮೊದಲೇ ಬಿದ್ದ ಚಪ್ಪಾಳೆ

ಚಪ್ಪಾಳೆ ತಟ್ಟಿ ಪಶ್ಚಾತ್ತಾಪ ಪಟ್ಟವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ. ನನ್ನ ಹೆಂಡತಿ ಸುಶೀಲಾ.

ಮೊನ್ನೆ ಅಂಕೋಲೆಯಲ್ಲಿ ಒಂದು ಸನ್ಮಾನ ಇತ್ತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಇವಳು ಮಾತ್ರ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಪಕ್ಕದವರು ತಿರುಗಿ ತಿರುಗಿ ನೋಡಿದರು. (ಸನ್ಮಾನ ಆದವರ ಮೇಲೆ ಏನೋ ಹಳೆಯ ಸಿಟ್ಟಿರಬೇಕು ಎಂದುಕೊಂಡಿರುತ್ತಾರೆ. ನಮ್ಮೂರಿಗೆ ಅಷ್ಟೇ ಸಾಕು, ಸಂಜೆಯೊಳಗೆ ಕತೆ ಬಸ್ ಸ್ಟ್ಯಾಂಡ್ ಮುಟ್ಟುತ್ತದೆ.)

ಇದೇ ಸುಶೀಲಾ ಮೊದಲು ಹೇಗಿದ್ದಳು ಗೊತ್ತೇ? ಅವಳು ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿದ್ದಳು. ನಮ್ಮ ಕಡೆ ಟೀಚರಮ್ಮನನ್ನು ಹಾಗೆ ಕರೆಯುತ್ತಾರೆ. ನೌಕರಿಯಿಂದ ರಿಟೈರ್ ಆದರೂ ಅಕ್ಕೋರತನದಿಂದ ರಿಟೈರ್ ಆಗುವುದಿಲ್ಲ. ಶಾಲೆಯ ಗ್ಯಾದರಿಂಗಿನಲ್ಲಿ ಚಿಕ್ಕ ಮಗುವೊಂದು ಮೈಕಿನ ಮುಂದೆ ಮಾತು ಮರೆತು ನಿಂತರೆ ಮೊದಲ ಚಪ್ಪಾಳೆ ಇವಳದ್ದು. ಹಿಂದೆಯೇ ಎಲ್ಲರೂ ತಟ್ಟುತ್ತಿದ್ದರು. ಮಗು ಮೂಗು ಒರೆಸಿಕೊಂಡು ಮುಂದಿನ ಸಾಲು ಹೇಳಿಬಿಡುತ್ತಿತ್ತು. ಎಷ್ಟು ಮಕ್ಕಳನ್ನು ಹಾಗೆ ದಡ ಮುಟ್ಟಿಸಿದ್ದಾಳೋ ಲೆಕ್ಕವಿಲ್ಲ.

ಆ ಅಭ್ಯಾಸವೇ, ಈ ಸನ್ಮಾನಕ್ಕೂ ಮೊದಲು, ಒಂದು ದಿನ ಕೈಕೊಟ್ಟಿತು.

ಇನಾಸ್ ನನ್ನ ಬಸ್ಸಿನ ಗೆಳೆಯರು. ನಾನು ಕೈಗಾ ಅಣುಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದಾಗ ಕಾರವಾರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ದಿನಾ ಕಂಪನಿ ಬಸ್ಸು, ದಿನಾ ಅಕ್ಕಪಕ್ಕದ ಸೀಟು. ಇನಾಸ್‌ರಿಗೆ ಉಗ್ಗು. ಒಂದು ಶಬ್ದ ಸಿಕ್ಕಿಕೊಂಡರೆ ಬಸ್ಸು ಒಂದು ಸ್ಟಾಪು ದಾಟಿದರೂ ಹೊರಗೆ ಬರುವುದಿಲ್ಲ. ನಾವೆಲ್ಲ ಅವಸರದವರು, ಅವರ ಮಾತನ್ನು ನಾವೇ ಮುಗಿಸಿಕೊಡುತ್ತಿದ್ದೆವು. ಅವರು ನಕ್ಕು ತಲೆ ಆಡಿಸುತ್ತಿದ್ದರು. ಆದರೆ ಹಾಡಲು ಕೂತರೆ ಉಗ್ಗು ಎಲ್ಲಿಗೋ ಓಡಿಹೋಗುತ್ತಿತ್ತು. ತಮ್ಮ ಇಗರ್ಜಿಯ (ಚರ್ಚಿಗೆ ನಮ್ಮ ಕಡೆ ಇಗರ್ಜಿ ಎನ್ನುವುದೇ ರೂಢಿ) ಹಾಡಿನ ಮೇಳದಲ್ಲಿ ಅವರ ದನಿ ಎಲ್ಲಕ್ಕಿಂತ ದೊಡ್ಡದು ಎಂದು ಕೇಳಿದ್ದೆ.

ಅವರ ಹೆಂಡತಿ ರೋಜಿಬಾಯಿ ಇತ್ತೀಚೆಗೆ ತೀರಿಕೊಂಡರು. ಕ್ಯಾಥೊಲಿಕರಲ್ಲಿ ತಿಂಗಳು ತುಂಬಿದ ದಿನ ಸತ್ತವರ ಹೆಸರಿನಲ್ಲಿ ಪೂಜೆ ಇಡಿಸುತ್ತಾರೆ. ಅದಕ್ಕೆ ಕರೆಯಲು ಇನಾಸ್ ಫೋನ್ ಮಾಡಿದರು. ಫೋನಿನಲ್ಲಿ ಮಾತಾಡುವುದು ಅವರಿಗೆ ಇನ್ನೂ ಕಷ್ಟ. ಆದರೂ ಮಗಳ ಕೈಗೆ ಕೊಡದೆ ತಾವೇ ಮಾತಾಡಿದರು.

“ನಾಯ್ಕರೆ, ಪೂ... ಪೂಜೆಗೆ ಬರ್ಬೇಕು. ಅಕ್ಕೋರನ್ನೂ ಕರ್ಕೊಂಡು ಬನ್ನಿ. ಈ ಸಲ ರೋಜಿ ಓದೂ ಜಾಗದಾಗೆ ನಾ ಓದ್ತೆ. ಪೂರ್ತಿ ಓದ್ತೆ.”

ವಿಷಯ ಏನೆಂದರೆ, ಪೂಜೆಯ ನಡುವೆ ಬೈಬಲಿನ ಒಂದು ಭಾಗವನ್ನು ಊರಿನವರೇ ಒಬ್ಬರು ಎದ್ದು ಮುಂದೆ ಹೋಗಿ ಓದುತ್ತಾರೆ. ಕೊನೆಯಲ್ಲಿ ಇದು ದೇವರ ಮಾತು ಎಂದು ಓದಿದವರು ಹೇಳಬೇಕು, ದೇವರಿಗೆ ವಂದನೆ ಎಂದು ಉಳಿದವರು ಹೇಳಬೇಕು. ಅಲ್ಲಿಗೆ ಅದು ಮುಗಿದಂತೆ. ರೋಜಿಬಾಯಿ ವರ್ಷಗಟ್ಟಲೆ ಓದಿದ ಜಾಗ ಅದು. ಅಲ್ಲಿ ಒಮ್ಮೆ ನಿಂತು ಓದಬೇಕು ಎನ್ನುವುದು ಇನಾಸ್‌ರ ಆಸೆ. ಹೆಂಡತಿಗೆ ಕೊಡಬಹುದಾದ್ದು ಇನ್ನೇನು ಉಳಿದಿತ್ತು?

ಬೆಳಿಗ್ಗೆ ಅಂಕೋಲೆಯಿಂದ ಬಸ್ಸು ಹತ್ತಿ, ಕಾರವಾರದಲ್ಲಿ ಇಳಿದು, ಇನಾಸ್‌ರ ಊರು ಮಾಜಾಳಿಯ ಬಸ್ಸು ಹಿಡಿದು ಹೋದೆವು. ಹಳೆಯ ಬಸ್ಸಿನ ಮಿತ್ರರೂ ಕೆಲವರು ಬಂದಿದ್ದರು. ನಾವೆಲ್ಲ ಇಗರ್ಜಿಯ ಹಿಂದಿನ ಬೆಂಚುಗಳಲ್ಲಿ ಕೂತೆವು. ಎಲ್ಲರೂ ಎದ್ದಾಗ ಎದ್ದೆವು, ಕೂತಾಗ ಕೂತೆವು. (ಇದರಲ್ಲೂ ಒಂದೆರಡು ಸಲ ತಪ್ಪಿತು. ಮುಂದಿನ ಬೆಂಚಿನ ಅಜ್ಜಿ ಕೈಸನ್ನೆಯಲ್ಲೇ ಸರಿಮಾಡಿದರು.) ಪೂಜೆ ಕೊಂಕಣಿಯಲ್ಲಿ ನಡೆದಿತ್ತು.

ಇನಾಸ್ ಎದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಒಂದು ಹಾಳೆ. ಮೈಕಿನ ಮುಂದೆ ನಿಂತು ಓದತೊಡಗಿದರು. ಕನ್ನಡದಲ್ಲಿ! ನಮಗೆ ತಿಳಿಯಲಿ ಎಂದು. ಮೊದಲ ಸಾಲುಗಳು ನಿಧಾನವಾಗಿ ಬಂದವು, ಆದರೆ ಬಂದವು. ನಾನು ಸುಶೀಲಾಳ ಕಡೆ ನೋಡಿದೆ. ಅವಳು ತನ್ನ ಕ್ಲಾಸಿನ ಹುಡುಗನೇ ಓದುತ್ತಿರುವ ಹಾಗೆ ತುಟಿ ಆಡಿಸುತ್ತಿದ್ದಳು.

ಆಮೇಲೆ ಒಂದು ಶಬ್ದ ಸಿಕ್ಕಿಕೊಂಡಿತು.

ಇನಾಸ್ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಮೊದಲಕ್ಷರದ ಆಚೆ ಏನೂ ಬರಲಿಲ್ಲ. ಇಗರ್ಜಿಯ ತುಂಬ ಫ್ಯಾನಿನ ಸದ್ದು. ಊರಿನವರು ತಲೆ ತಗ್ಗಿಸಿ ಸುಮ್ಮನೆ ಕೂತಿದ್ದರು. ಅವರಿಗೇನೂ ಗಡಿಬಿಡಿ ಇರಲಿಲ್ಲ. ಗಡಿಬಿಡಿ ಇದ್ದದ್ದು ಹಿಂದಿನ ಬೆಂಚಿಗೆ. ಯಾರೋ ಕೆಮ್ಮಿದರು. ನನಗೆ ಬೆವರು ಬಂತು. ಅಯ್ಯೋ ಪಾಪ, ಇನ್ನೆಷ್ಟು ಹೊತ್ತು?

ಆಗ ಸುಶೀಲಾ ಚಪ್ಪಾಳೆ ತಟ್ಟಿದಳು.

ನಾನೂ ತಟ್ಟಿದೆ. ಬಸ್ಸಿನವರೆಲ್ಲ ತಟ್ಟಿದರು. ಓದು ಮುಗಿಯಿತೇನೋ ಎಂದು ಮುಂದಿನ ಹುಡುಗರು ಕೆಲವರು ಸೇರಿಕೊಂಡರು. ಚಪ್ಪಾಳೆ ಮಾಡಿನ ಹೆಂಚಿಗೆ ಬಡಿದು ದೊಡ್ಡದಾಯಿತು. ಇನಾಸ್ ತಲೆ ಎತ್ತಿ ನಮ್ಮನ್ನು ನೋಡಿದರು. ನಕ್ಕರು. ಎರಡೂ ಕೈ ಜೋಡಿಸಿದರು. ಹಾಳೆಯನ್ನು ಅಲ್ಲೇ ಬಿಟ್ಟು ಕೆಳಗಿಳಿದು ಬಂದು ಕೂತರು. ಪಾದ್ರಿಗಳು ಅರ್ಧ ಎದ್ದವರು ಮತ್ತೆ ಕೂತರು. ಹಾಡು ಶುರುವಾಯಿತು.

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಖುಷಿಯೇ ಆಯಿತು. ಮುದುಕರು ಗೆದ್ದರು ಎಂದುಕೊಂಡೆ.

ಪೂಜೆ ಮುಗಿದು ಮೆಟ್ಟಿಲು ಇಳಿಯುವಾಗ ಇನಾಸ್‌ರ ಮಗಳು ಲೀನಾ ಸಿಕ್ಕಳು. ದಿನಾ ಗೋವೆಗೆ ಹೋಗಿಬಂದು ಕೆಲಸ ಮಾಡುವ ಹುಡುಗಿ. ಸುಶೀಲಾ ಅವಳ ಕೈ ಹಿಡಿದು, “ಅಪ್ಪ ಎಷ್ಟು ಚೆಂದ ಓದಿದ್ರೇ!” ಎಂದಳು.

ಲೀನಾ ಅಪ್ಪ ಹತ್ತಿರದಲ್ಲಿಲ್ಲ ಎಂದು ನೋಡಿಕೊಂಡಳು. ಆಮೇಲೆ ಮೆಲ್ಲಗೆ, “ಮುಗ್ದಿರ್ಲಿಲ್ಲ ಅಕ್ಕೋರೆ. ಇನ್ನೂ ಅರ್ಧ ಇತ್ತು” ಎಂದಳು.

ದಿನಾ ಸಂಜೆ ಹಿತ್ತಲಿನಲ್ಲಿ ಕೂತು ಓದಿ ಓದಿ ಅಭ್ಯಾಸ ಮಾಡಿದ್ದರಂತೆ. ಬೇಡ ಅಪ್ಪಾ, ನೀನು ಹಾಡು, ನಾನು ಓದುತ್ತೇನೆ ಎಂದು ಲೀನಾ ಹೇಳಿದರೂ ಕೇಳಲಿಲ್ಲವಂತೆ. “ಇಗರ್ಜಿಯಾಗೆ ಎಷ್ಟೊತ್ತು ನಿಂತ್ರೂ ಯಾರೂ ನಡುವೆ ಬಾಯಿ ಹಾಕೂದಿಲ್ಲ. ಅಲ್ಲಾದ್ರೆ ನಂಗೆ ಆತದೆ ಅಂತಿದ್ರು” ಎಂದಳು ಲೀನಾ. ಬೈಯುವ ದನಿಯಲ್ಲಿ ಹೇಳಲಿಲ್ಲ. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಸುಶೀಲಾ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಪಾದ್ರಿಗಳು ಚಿಕ್ಕ ವಯಸ್ಸಿನವರು. ನಾನೇ ಹೋಗಿ ಕೇಳಿದೆ: “ಫಾದರ್, ಪೂಜೆ ನಡುವೆ ಚಪ್ಪಾಳೆ ಹೊಡೀಬಾರ್ದಾಗಿತ್ತಾ?”

“ಹೊಡೀಬೇಡಿ ಅಂತ ಬೋರ್ಡು ಹಾಕಿಲ್ವಲ್ಲ ಸರ್” ಎಂದರು. “ಮದುವೆಯಲ್ಲಿ ಹೊಡೀತಾರೆ. ಹಬ್ಬದ ದಿನ ಹಾಡಿದವ್ರಿಗೆ ಒಂದು ಚಪ್ಪಾಳೆ ಅಂತ ನಾನೇ ಹೇಳ್ತೇನೆ. ಇದೇನು ಪ್ರೋಗ್ರಾಮಾ ಅಂತ ಹಳಬ್ರು ನನ್ಗೆ ಬೈತಾರೆ. ನಾನು ನಕ್ಕು ಬಿಡ್ತಿದ್ದೆ.” ಮೆಟ್ಟಿಲ ಮೇಲೆ ಕೂತಿದ್ದ ಸುಶೀಲಾಳ ಕಡೆ ನೋಡಿ, “ಇವತ್ತು ಎದ್ದು ನಿಂತು, ಓದಿ ಇನಾಸಬಾಬ, ನಾವು ಕಾಯ್ತೇವೆ ಅನ್ಬೇಕಿತ್ತು. ಬಾಯಿ ಬರ್ಲಿಲ್ಲ” ಎಂದರು.

ಚಪ್ಪಾಳೆ ಕೆಟ್ಟದ್ದು ಎಂದು ಯಾರು ಹೇಳುತ್ತಾರೆ? ನಮ್ಮ ಭಜನೆಯಲ್ಲಿ ಕೈ ತಟ್ಟದಿದ್ದರೆ ಭಜನೆಯೇ ಇಲ್ಲ. ಆದರೆ ಅದು ತಾಳ, ಹಾಡುವವನ ಜೊತೆಜೊತೆಗೆ ಬರುತ್ತದೆ. ಸಭೆಯ ಚಪ್ಪಾಳೆಯ ಕತೆ ಬೇರೆ. ಅದು ಬಿದ್ದರೆ ಏನೋ ಒಂದು ಮುಗಿಯಿತು ಎಂದೇ ಅರ್ಥ. ಭಾಷಣಕಾರರು ಬಿಡದೆ ಕೊರೆಯುವಾಗ ನಾವು ಸುಮ್ಮಸುಮ್ಮನೆ ತಟ್ಟುವುದಿಲ್ಲವೇ? ಸಾಕಪ್ಪಾ, ಇಳಿ ಎಂದು? ಇಳಿಸಲಿಕ್ಕೂ ಅದೇ ಕೈ, ಏರಿಸಲಿಕ್ಕೂ ಅದೇ ಕೈ. ಮೈಕಿನ ಮುಂದೆ ನಿಂತವನಿಗೆ ಯಾವುದು ಎಂದು ಹೇಗೆ ತಿಳಿಯಬೇಕು?

ಈಚೆಗಂತೂ ನಮಗೆ ಎಲ್ಲ ಕಡೆ ಚಪ್ಪಾಳೆ ಬೇಕು. ಸಂತಾಪ ಸಭೆಯಲ್ಲೂ ತಟ್ಟುವುದನ್ನು ನೋಡಿದ್ದೇನೆ. ಯಾರಾದರೂ ಒಂದು ನಿಮಿಷ ಸುಮ್ಮನಾದರೆ ನಮಗೆ ಕೈಕಾಲು ಆಡುವುದಿಲ್ಲ, ಏನಾದರೂ ಸದ್ದು ಮಾಡಲೇಬೇಕು. ವಾಟ್ಸಾಪಿನ ವಾಯ್ಸ್ ಮೆಸೇಜನ್ನೂ ಸ್ಪೀಡು ಹೆಚ್ಚಿಸಿ ಕೇಳುವ ಜನ ನಾವು. ಒಬ್ಬ ಮನುಷ್ಯನ ಒಂದು ಶಬ್ದಕ್ಕೆ ಕಾಯುವ ಪುರುಸೊತ್ತು ಎಲ್ಲಿದೆ? ಅವತ್ತು ನಾನು ತಟ್ಟಿದ್ದು ಇನಾಸ್‌ರಿಗೆ ಧೈರ್ಯ ಕೊಡಲಿಕ್ಕೋ, ನನ್ನ ಬೆವರು ಒರೆಸಿಕೊಳ್ಳಲಿಕ್ಕೋ? ಇವತ್ತಿಗೂ ನನಗೆ ಖಾತ್ರಿಯಿಲ್ಲ.

ಪೂಜೆಯಾದ ಮೇಲೆ ಅವರ ಮನೆಯಲ್ಲಿ ಎಲ್ಲರಿಗೂ ಬೇಯಿಸಿದ ಕಡಲೆ, ಚಹಾ. ಇನಾಸ್ ತಾವೇ ತಟ್ಟೆ ಹಿಡಿದು ಓಡಾಡುತ್ತಿದ್ದರು. ಸುಶೀಲಾ ಕಡಲೆ ಮುಟ್ಟಲಿಲ್ಲ. ಅವರ ಎದುರು ಹೋಗಿ ನಿಂತಳು.

“ಇನಾಸಣ್ಣ, ತಪ್ಪಾತು. ಮೊದ್ಲು ಹೊಡೆದವ್ಳು ನಾನೇ.”

“ನಂಗೆ ಗೊ... ಗೊತ್ತುಂಟು ಅಕ್ಕೋರೆ. ಧೈರ್ಯಕ್ಕೆ ಹೊಡೆದ್ರಿ.”

“ಮತ್ತೆ ಯಾಕೆ ಇಳಿದ್ರಿ? ಓದ್ಬೇಕಿತ್ತಲ್ಲ.”

ಇನಾಸ್ ಬಹಳ ಹೊತ್ತು ಒದ್ದಾಡಿದರು. ಈ ಸಲ ನಾವು ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಮಾತು ಬಂತು: “ಚಪ್ಪಾಳೆ ಬಿದ್ಮೇಲೆ ಓದೂದು ಹೆಂಗೆ? ಎಲ್ರಿಗೂ ಮುಗ್ದೋಯ್ತಲ್ಲ. ನನ್ನ ಮಾತು ಕಡೀತನಕ ಕಾಯೂದು ರೋಜಿ ಒಬ್ಳೇ ಆಗಿದ್ಳು. ಅವ್ಳಿಗೆ ಅಭ್ಯಾಸ ಇತ್ತು. ನಿಮ್ಗೆಲ್ಲ ಎಲ್ಲಿಂದ ಇರ್ತದೆ?”

ಹೇಳಿ ನಕ್ಕರು. ನಮ್ಮನ್ನು ಸಮಾಧಾನ ಮಾಡಲಿಕ್ಕೆ! ತಿಂಗಳ ಹಿಂದೆ ಹೆಂಡತಿಯನ್ನು ಮಣ್ಣು ಮಾಡಿದ ಮನುಷ್ಯ ನಮಗೆ ಸಮಾಧಾನ ಹೇಳುತ್ತಿದ್ದರು.

ಸುಶೀಲಾ ಕಣ್ಣು ಒರೆಸಿಕೊಂಡು, “ವರ್ಷದ ಪೂಜೆಗೆ ಓದಿ ಇನಾಸಣ್ಣ. ದಮ್ಮಯ್ಯ. ಮಧ್ಯಾಹ್ನ ಆದ್ರೂ ನಾವು ಕೈ ಕಟ್ಕೊಂಡು ಕೂರ್ತೇವೆ” ಎಂದಳು.

ಇನಾಸ್ ಇಲ್ಲ ಎಂದು ತಲೆ ಆಡಿಸಿದರು. ಸಾಕು, ಆ ಆಸೆ ಮುಗಿಯಿತು ಎನ್ನುವ ಹಾಗೆ. “ನೀವು ಬನ್ನಿ” ಎಂದರು, “ವರ್ಷದ್ದಕ್ಕೆ ಲೀನಾ ಓದ್ತಾಳೆ.”

ಲೀನಾ ಸರಾಗವಾಗಿ ಓದುತ್ತಾಳಂತೆ, ನಮಗ್ಯಾರಿಗೂ ಕಾಯುವ ಕಷ್ಟವಿಲ್ಲ.