ಮೇಷ್ಟ್ರ ಕೋರ್ಟಿಗೆ ಬಡಿದ ಗೂಟ

ಮೊನ್ನೆ ಪಕ್ಕದ ಸೈಟಿನಲ್ಲಿ ಇಟ್ಟಿಗೆ ಪುಡಿಗೆ ನೀರು ಚಿಮುಕಿಸುತ್ತಿದ್ದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲೇಜಿನ ದಿನಗಳಲ್ಲಿ ಮಂಡ್ಯದಲ್ಲಿ ನನಗೆ ಟೆನಿಸ್ ಕಲಿಸಿದ ಮೇಷ್ಟ್ರು ನೆನಪಾದರು. ಕೈಯಲ್ಲಿದ್ದ ಕಾಫಿ ಆರಿಹೋಯಿತು.

ಮದ್ದೂರು ಕಡೆಯ ಗೂಡುಗಳಿಂದ ಇಟ್ಟಿಗೆ ಚೂರು ತರಿಸಿ, ಕುಟ್ಟಿ, ಜರಡಿ ಹಿಡಿದು, ಕೆರೆಮಣ್ಣಿಗೆ ಬೆರೆಸಿ ಅವರೇ ಕ್ಲಬ್ಬಿನ ಕೋರ್ಟು ಮಾಡಿದ್ದರು. ಬೆಳಿಗ್ಗೆ ಎದ್ದು ನಾವೇ ನೀರು ಹಾಕಿ ರೋಲರ್ ಎಳೆಯಬೇಕು. ಚಪ್ಪಲಿ ಮೆಟ್ಟಿ ಒಳಗೆ ಬಂದವರಿಗೆ ಮುಖ ಮೂತಿ ನೋಡದೆ ಬೈಗುಳ. ಒಮ್ಮೆ ನನ್ನ ಹೊಸ ಚಪ್ಪಲಿಯನ್ನು ರಸ್ತೆಯಲ್ಲಿ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಎಸೆದರು. ಅದು ಸಕ್ಕರೆ ಕಾರ್ಖಾನೆ ಸೇರಿರಬೇಕು! ಮಹಾ ಮುಂಗೋಪಿ. ಆದರೂ ನನಗೆ ಅಪ್ಪನಿಗಿಂತ ಅವರೇ ಹೆಚ್ಚು ಇಷ್ಟ...

ಟೆನಿಸ್‌ಗಾಗಿ ದುಡಿದವರಿಗೆಂದು ಕ್ಲಬ್ಬಿನವರು ಒಂದು ಪ್ರಶಸ್ತಿ ಶುರುಮಾಡಿ, ಮೊದಲನೆಯದನ್ನು ಮೇಷ್ಟ್ರಿಗೇ ಕೊಡುವುದೆಂದು ತೀರ್ಮಾನಿಸಿದರು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ನಾನೂ ಜೊತೆಗಿದ್ದೆ. ಗೇಟು ದಾಟಿದರೆ, ಶಾಮಿಯಾನದವರು ಕೋರ್ಟಿನ ನಡುಮಧ್ಯೆ ಕಬ್ಬಿಣದ ಗೂಟ ಬಡಿಯುತ್ತಿದ್ದರು. ಒಂದೊಂದು ಏಟಿಗೂ ಕೆಂಪು ನೆಲ ಬಾಯಿ ಬಿಡುತ್ತಿತ್ತು.

"ಕಿತ್ತಾಕ್ರಲಾ ಗೂಟವಾ!" ಮೇಷ್ಟ್ರು ಅರಚಿದರು.

ಕ್ಲಬ್ಬಿನ ಕಾರ್ಯದರ್ಶಿ ಹಾರ ಹಿಡಿದು ಓಡಿಬಂದರು. "ನಿಮ್ಗೇ ಸನ್ಮಾನ ಕಣ್ ಮೇಷ್ಟ್ರೇ. ಒಂದಿನ ಸೈಸ್ಕಳಿ. ಮಣ್ ತಾನೆ, ಬುಡಿ."

ಮಣ್ಣು ತಾನೆ ಅಂದದ್ದೇ ಕೆಟ್ಟದ್ದಾಯಿತು. ಮೇಷ್ಟ್ರು ಸುತ್ತಿಗೆ ಕಿತ್ತುಕೊಂಡು ಬೀಸಿದರು. ಕಾರ್ಯದರ್ಶಿಯ ಭುಜದ ಮೂಳೆ ಲಟ್ ಎಂದಿತು. ಶಾಮಿಯಾನದವರು ಮೇಷ್ಟ್ರ ಮೇಲೆ ಮುಗಿಬಿದ್ದರು. ಒಬ್ಬ ಗೂಟದಿಂದಲೇ ಬಲಗೈಗೆ ಹೊಡೆದ. ಕೆಳಗೆ ಬಿದ್ದ ಮೇಷ್ಟ್ರನ್ನು ಒದ್ದರು. ನಾನು ಒಬ್ಬನ ತೋಳು ಕಚ್ಚಿದೆ. ಅವನು ಕೊಡವಿದ ರಭಸಕ್ಕೆ ನನ್ನ ತುಟಿ ಸೀಳಿತು. ಮೇಷ್ಟ್ರ ಬಾಯಿಯ ರಕ್ತ ಬಿಳಿ ಅಂಗಿಯ ತುಂಬ. ಆಗಲೂ ಅವರು ಕೂಗುತ್ತಿದ್ದದ್ದು ಒಂದೇ ಮಾತು: "ಚಪ್ಲಿ ಬುಟ್ಟು ಬಂದ್ ಒಡೀರ್ಲಾ, ಕೋರ್ಟು ಆಳಾಯ್ತದೆ!"

ಮುರಿದ ಕೈ ನೆಟ್ಟಗೆ ಕೂಡಲಿಲ್ಲ. ಬಸರಾಳಿನ ಮನೆ ಸೇರಿದ ಮೇಷ್ಟ್ರು ಮತ್ತೆ ರಾಕೆಟ್ ಹಿಡಿಯದೆಯೇ ತೀರಿಕೊಂಡರು. ಅವರಿಲ್ಲದ ಕೋರ್ಟಿನಲ್ಲಿ ಗರಿಕೆ ಬೆಳೆಯಿತು.

ನಿನ್ನೆ ಕ್ಲಬ್ಬಿನ ಹೊಸ ಕಾರ್ಯದರ್ಶಿ ಫೋನ್ ಮಾಡಿದ್ದರು. ಪ್ರಶಸ್ತಿಗೆ ಈಗ ಮೇಷ್ಟ್ರ ಹೆಸರಿಟ್ಟಿದ್ದಾರೆ. ಮಳವಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತಿರುವ ನನಗೆ ಈ ಸಲ ಕೊಡುತ್ತಾರಂತೆ. ಕಾರ್ಯಕ್ರಮ ಎಲ್ಲಿ ಎಂದು ಕೇಳಿದೆ.

"ಕೋರ್ಟಲ್ಲೇ ಕಣಮ್ಮ. ಈಗ ಅಲ್ಲಿ ಯಾರ್ ಆಡ್ತಾರೆ? ಶಾಮಿಯಾನದ ಕಂಬ ನಿಲ್ಸಕ್ಕೆ ಗುಂಡಿ ತೆಗ್ದು ಸಿಮೆಂಟೇ ಆಕ್ಬುಟ್ಟಿವ್ನಿ. ಇನ್ಮ್ಯಾಕೆ ಗೂಟ ಬಡಿಯೋ ತಾಪತ್ರಯವೇ ಇಲ್ಲ."

ಮೇಷ್ಟ್ರ ಹಾಗೆಯೇ ಬೈಯಬೇಕೆಂದು ಬಾಯಿ ತೆರೆದೆ. ಅಳು ಬಂತು.