ಬಾಗಿಲ ಕಡೆಯಿಂದ ಬಿಟ್ಟ ಇಲಿ

ಸಂಶೋಧನಾಲಯದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಇಲಿಮಾವ ಎಂದೇ. ಇಪ್ಪತ್ತೆರಡು ವರ್ಷ ಬಿಳಿ ಇಲಿಗಳ ಪಂಜರ ತೊಳೆದವನಿಗೆ ಬೇರೆ ಹೆಸರಾದರೂ ಯಾಕೆ ಬೇಕು, ಹೇಳಿ? “ನಿಮ್ಮನ್ನ ಕಟ್ಕೊಂಡ್ನೋ, ಇಲಿಗಳನ್ನ ಕಟ್ಕೊಂಡ್ನೋ!” ಎಂದು ಹೆಂಡತಿ ಗೊಣಗುತ್ತಿದ್ದಳು. ಅವಳಿಗೆ ಪಾರ್ಶ್ವವಾಯು ಬಡಿದ ಮೇಲೆ ಆ ಗೊಣಗಾಟವೂ ನಿಂತಿತು. ಕೈಕಾಲು ಸರಿಹೋದವು, ಮಾತು ಮರಳಿತು, ಮನೆಯೊಳಗಿನ ದಾರಿ ಮಾತ್ರ ಅಳಿಸಿಹೋಯಿತು. ಮೂರೇ ಕೋಣೆಯ ಮನೆಯಲ್ಲಿ ಅಡುಗೆಮನೆ ಸಿಗದೆ ಅಳುತ್ತಾ ನಿಲ್ಲುತ್ತಿದ್ದಳು.

“ಒಂದು ತಿಂಗಳು ನೋಡೋಣಪ್ಪ. ಆಗ್ಲಿಲ್ಲ ಅಂದ್ರೆ ಅಮ್ಮನ್ನ ಆರೈಕೆ ಕೇಂದ್ರಕ್ಕೆ ಸೇರಿಸ್ಬಿಡೋಣ” ಎಂದಳು ಮಗಳು.

ಅವನ ಕೆಲಸವಾದರೂ ಏನು? ದುಂಡು ತೊಟ್ಟಿಯಲ್ಲಿ ಬೆಳ್ಳಗೆ ಕಲಕಿದ ನೀರು, ಅದರಡಿ ಕಣ್ಣಿಗೆ ಕಾಣದ ಪುಟ್ಟ ಕಟ್ಟೆ. ಇಲಿ ಈಜಿ ಅದನ್ನು ಹುಡುಕಬೇಕು. ಮಿದುಳಿಗೆ ಪೆಟ್ಟಾದ ಇಲಿಗಳು ಸುಮ್ಮನೆ ಸುತ್ತುತ್ತವೆ. ಪ್ರತಿ ಸಲ ಬೇರೆ ಬೇರೆ ದಿಕ್ಕಿನಿಂದ ಬಿಡಬೇಕೆಂಬುದು ಪ್ರಯೋಗ ನಡೆಸುವ ಮೇಡಂ ಹಾಕಿದ ನಿಯಮ. ಒಂದು ವಾರ ಮೇಡಂ ಊರಿನಲ್ಲಿರಲಿಲ್ಲ; ಮಾವನಿಗೋ ಮಂಡಿ ನೋವು. ‘ಯಾವ ಕಡೆಯಿಂದ ಬಿಟ್ರೇನು, ನೀರು ನೀರೇ ತಾನೆ’ ಎಂದುಕೊಂಡು ಎಲ್ಲವನ್ನೂ ಬಾಗಿಲ ಕಡೆಯಿಂದಲೇ ಬಿಟ್ಟ.

“ಅಯ್ಯೋ ಮಾವ! ವಾರದ ಕೆಲಸ ಎಲ್ಲಾ ನೀರಲ್ಲಿ ಹೋಮ ಆಯ್ತಲ್ರೀ!” ಮೇಡಂ ಸಿಡುಕಿದರು. ಆಮೇಲೆ ಮಾವ ಸಮಯ ಬರೆದಿಟ್ಟ ಪುಸ್ತಕ ತೆರೆದು ನೋಡಿದರು. ಪೆಟ್ಟಾದ ಏಳನೇ ಇಲಿ ಎಂಟೇ ಸೆಕೆಂಡಿಗೆ ಕಟ್ಟೆ ಹತ್ತಿತ್ತು! ಬಾಗಿಲ ಕಡೆಯಿಂದ ಮತ್ತೆ ಬಿಟ್ಟರು; ನೆಟ್ಟಗೆ ಹೋಯಿತು. ಕಿಟಕಿಯ ಕಡೆಯಿಂದ ಬಿಟ್ಟರು. ಸುತ್ತಿ ಸುತ್ತಿ ಸುಸ್ತಾಯಿತು.

“ಇದಕ್ಕೆ ಇಡೀ ತೊಟ್ಟಿ ಅರ್ಥ ಆಗಲ್ಲ ಮಾವ. ಆದ್ರೆ ಒಂದೇ ಕಡೆಯಿಂದ ಹೊರಟ್ರೆ ಕಲಿಯುತ್ತೆ.”

ಅಬ್ಬಬ್ಬಾ! ಅಂಗೈಯಗಲದ ಜೀವ, ತಲೆಯೊಳಗೆ ಅಷ್ಟು ಹಾಳಾಗಿದ್ದರೂ ದಾರಿ ಕಲಿತಿದೆಯಲ್ಲ! ಮಾವನ ಮೈ ಜುಮ್ಮೆಂದಿತು. ಒದ್ದೆ ಇಲಿಯನ್ನು ಟವೆಲ್ಲಿನಲ್ಲಿ ಮೆಲ್ಲಗೆ ಒರೆಸಿ ಪಂಜರಕ್ಕೆ ಬಿಟ್ಟ.

ಅಲ್ಲಿಯವರೆಗೆ ಅವನು ಹೆಂಡತಿಗೆ ಒಮ್ಮೆ ಬಾಗಿಲಿನಿಂದ, ಒಮ್ಮೆ ಬಚ್ಚಲಿನಿಂದ ದಾರಿ ತೋರಿಸುತ್ತಿದ್ದ. ಮರುದಿನದಿಂದ ಮಂಚದ ತಲೆಯ ಕಡೆಯಿಂದ ಮಾತ್ರ. ಎದ್ದು, ಬಲಗೈಯಲ್ಲಿ ಗೋಡೆ ಸವರುತ್ತಾ, ನೇರ ಅಡುಗೆಮನೆಗೆ. ಹದಿನೇಳು ದಿನ ಹೀಗೇ ನಡೆಯಿತು.

ತಿಂಗಳು ತುಂಬಿದ ದಿನ ಮಗಳು ಕೇಂದ್ರದ ಅರ್ಜಿ ಹಿಡಿದೇ ಬಂದಳು. ಮಾವ, “ಅಮ್ಮನ್ನ ನೀರು ಕೇಳು” ಎಂದ. ಕೇಳಿದಳು. ತಾಯಿ ಮಂಚದಿಂದ ಎದ್ದಳು, ಗೋಡೆ ಸವರುತ್ತಾ ಒಳಗೆ ಹೋದಳು. ನಲ್ಲಿಯ ಸದ್ದು ಕೇಳಿಸಿತು. ಮಗಳು ಬಾಯಿ ತೆರೆದು ನೋಡುತ್ತಿದ್ದಳು.

ಒಳಗಿನಿಂದ ದನಿ ಬಂತು: “ರೀ... ವಾಪಸ್ ಹೇಗ್ರೀ ಬರೋದು?”

ಮಾವ ಹಣೆ ಚಚ್ಚಿಕೊಂಡ. ಕಟ್ಟೆ ಮುಟ್ಟಿದ ಇಲಿಯನ್ನು ಎತ್ತಿ ತರುವುದೇ ಇಪ್ಪತ್ತೆರಡು ವರ್ಷದ ಅಭ್ಯಾಸ. ಹೆಂಡತಿಯನ್ನೂ ದಿನಾ ಕೈಹಿಡಿದು ತಂದು ಕೂರಿಸಿದ್ದ. ಬರುವ ದಾರಿ ಕಲಿಸಿಯೇ ಇರಲಿಲ್ಲ!

ಮಗಳು ಅರ್ಜಿಯನ್ನು ಮಂಚದ ಮೇಲೆ ಬಿಟ್ಟು ಅಡುಗೆಮನೆಗೆ ಓಡಿದಳು. ತಾಯಿ ತುಂಬಿಸಿದ್ದ ಲೋಟದ ನೀರನ್ನು ಕಣ್ಣೀರಿಡುತ್ತಲೇ ಪೂರ್ತಿ ಕುಡಿದು, ಅವಳನ್ನು ಮಂಚದ ಕಡೆಗೆ ತಿರುಗಿಸಿ, ಅವಳ ಕೈಯನ್ನು ಅದೇ ಗೋಡೆಗೆ ಇಟ್ಟಳು.

“ಬಾರಮ್ಮ, ಈಗ ಎಡಗೈ.”